ಬಿಗಿದದ್ದೇ ಕೇಡು

ಶೆಡ್ಡಿನ ಹಿಂದೆ ಪರೀಕ್ಷೆಗೆ ಓಡಿಸಿದ ಲಾರಿಯ ಮುಂದಿನ ಒಂದು ಚಕ್ರ ಬಂಡೆಯ ಮೇಲೇರುತ್ತಲೇ, ಪ್ರವಾಸದಲ್ಲಿ ಉಳಿಯಲೆಂದು ಅದರ ಬೆನ್ನ ಮೇಲೆ ಕೂರಿಸಿದ್ದ ಪುಟ್ಟ ಮನೆಯ ಬಾಗಿಲು ಕಚ್ಚಿಕೊಂಡಿತು. ಒಳಗೆ ಸಿಕ್ಕಿಬಿದ್ದ ಗಿರಾಕಿ ಕೂಗಿದ, “ನಾಳೆ ಬೆಳಿಗ್ಗೆ ಮರುಭೂಮಿಗೆ ಹೊರಡ್ಬೇಕು ಸ್ವಾಮಿ! ಇಲ್ಲೇ ಸಂಸಾರ ಹೂಡ್ಲಾ?”

“ಹದಿನಾರು ಬೋಲ್ಟು ಹಾಕಿ ಬಿಗಿದಿದೀನಿ, ಇನ್ನೇನು ಕೇಡು ಇದಕ್ಕೆ?” ಆ ಮನೆ ಕಟ್ಟಿದ ಮೇಸ್ತ್ರಿ ಗುಡುಗಿದ. ಅವನು ಬಿಗಿದದ್ದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಸಡಿಲವಾಗಿರಲಿಲ್ಲ.

ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಅವನ ಅತ್ತಿಗೆ ಚಕ್ರಗಳಿಗೆ ದಿಮ್ಮಿ ಕೊಟ್ಟು ಲಾರಿಯಡಿಗೆ ತೂರಿದಳು. “ನೀನು ಬಿಗಿದಿದ್ದೇ ಕೇಡು ಕಣಯ್ಯ. ಬಂಡೆ ಹತ್ತಿದಾಗ ಚಾಸಿ, ಲಾರಿ ಅಡಿಯ ಈ ಚೌಕಟ್ಟು, ತಿರುಚ್ಕೊಳ್ಳುತ್ತೆ. ಮನೇನ ಅದಕ್ಕೆ ಕಟ್ಟಿಹಾಕಿದ್ರೆ ಅದೂ ತಿರುಚ್ಕೊಳ್ಳುತ್ತೆ. ಮುಂದಿನ ಎರಡು ಮೂಲೆ ಸ್ಪ್ರಿಂಗ್ ಮೇಲೆ ಕೂರ್ಲಿ ಅಂತ ಒಂದು ತಿಂಗಳಿಂದ ಬಡ್ಕೊಳ್ತಿದೀನಿ.” ಹೇಳುತ್ತಲೇ ಮುಂದಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ಕೊನೆಯದು ತಿರುಗಿದಾಗ ಮನೆಯ ಮುಂದಿನ ಒಂದು ಮೂಲೆ ಚಾಸಿಯಿಂದ ಬೆರಳಗಲ ಮೇಲೆದ್ದು, ತಿರುಚಿದ್ದ ಮನೆ ನೆಟ್ಟಗಾಯಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಚಕ್ರ ಇನ್ನೂ ಬಂಡೆಯ ಮೇಲೆಯೇ ಇತ್ತು.

ಮೇಸ್ತ್ರಿ ಜನ್ಮದಲ್ಲಿ ಯಾರಿಗೂ ಶಹಭಾಸ್ ಎಂದವನಲ್ಲ. ಅಂಗಿಗೆ ಮಣ್ಣಾಗುವುದನ್ನೂ ನೋಡದೆ ನೆಲಕ್ಕೆ ಅಂಗಾತ ಬಿದ್ದು ಅವಳ ಪಕ್ಕಕ್ಕೆ ಸರಿದ.

“ಸ್ಪ್ರಿಂಗ್ ಎಷ್ಟು ಸಡಿಲ ಇರ್ಲಿ ಅತ್ತಿಗೆ? ನೀವು ಹೇಳಿ, ನಾನು ಹಾಕ್ತೀನಿ.”