ಬುರುಜಿನ ಮೇಲಿನ ಹೂವುಗಳು

“ಕೈ ಹಚ್ಚಬ್ಯಾಡ್ರಿ ಶಾರದಾಬಾಯಿ! ಅದು ಇತಿಹಾಸ ಅದ!”

ಬುರುಜಿನ ಗೋಡೆಯಿಂದ ಕುಳ್ಳು ಕೀಳಲು ಚಾಚಿದ್ದ ಶಾರದಾಬಾಯಿಯ ಕೈ ಅಲ್ಲೇ ನಿಂತಿತು. ತಾನೇ ಸಗಣಿ ಕಲಸಿ, ತಾನೇ ತಟ್ಟಿ ಒಣಗಿಸಿದ ಕುಳ್ಳು. ಈಗ ನೋಡಿದರೆ ಅವುಗಳ ಮೇಲೆ ಯಾರೋ ಕೆಮ್ಮಣ್ಣು ಬಳಿದಿದ್ದರು, ಮುಂದೆ ಹಗ್ಗ ಕಟ್ಟಿದ್ದರು. ಹಗ್ಗದ ಪಕ್ಕದಲ್ಲಿ ಊರಿನ ಐತಿಹಾಸಿಕ ಪರಂಪರೆ ಸಮಿತಿಯ ಅಧ್ಯಕ್ಷ ಚಂದ್ರಶೇಖರ ಇಸ್ತ್ರಿ ಅಂಗಿ ತೊಟ್ಟು ಕಾವಲು ನಿಂತಿದ್ದ.

“ಎಲ್ಲಿ ಇತಿಹಾಸರಿ ಅಣ್ಣಾರ? ನಮ್ಮ ಎಮ್ಮಿ ಸಗಣಿ ಇದು. ಮಗಳು ಸೋನಾಲಿ ಹಡದು ಇನ್ನಾ ಎಂಟ ದಿನ ಆಗಿಲ್ಲ. ಬಾಣಂತಿಗಿ ನೀರ ಕಾಸಬೇಕು. ಮನ್ಯಾಗ ಒಂದ ತುಂಡ ಕಟಗಿ ಇಲ್ಲ.”

“ಇವತ್ತೊಂದಿನ ಗ್ಯಾಸಿನ ಮ್ಯಾಗ ಕಾಸ್ರಿ.”

“ಹಂಡೆ ಗ್ಯಾಸಿನ ಮ್ಯಾಗ ಕೂಡತದೇನ್ರಿ? ನೀವೇ ಬಂದು ಕೂಡಸ್ರಿ ನೋಡೂಣು.”

ಈ ಇತಿಹಾಸ ಬಂದದ್ದು ಸೊಲ್ಲಾಪುರದ ನವಿ ಪೇಠದಿಂದ. ಅಲ್ಲಿ ಗಾರ್ಗಿ ಎಂಬ ಹುಡುಗಿ ಹಳೆಯ ಕಟ್ಟಡಗಳ ಚಿತ್ರ ಬರೆದು, ಗೋಡೆಗೆ ನೇತುಹಾಕುವ ಕಟ್ಟಿಗೆಯ ಬಿಲ್ಲೆಗಳನ್ನು ಮಾಡಿ ಮಾರುತ್ತಾಳೆ. ಅಕ್ಕಲಕೋಟೆ ತಾಲೂಕಿನ ತನ್ನ ಊರಿನ ಬುರುಜಿಗೂ ಅಂಥದೊಂದು ಬಿಲ್ಲೆ ಬೇಕೆಂದು ಚಂದ್ರಶೇಖರ ಅವಳನ್ನು ಕರೆಸಿದ್ದ. ಅವಳು ಬಂದು ಕಂಡದ್ದನ್ನೆಲ್ಲ ಬರೆದಳು. ಬಿರುಕು ಬಿಟ್ಟ ಕಲ್ಲು, ಸಂದಿಯಲ್ಲಿ ಹುಟ್ಟಿದ ಅರಳಿ ಸಸಿ, ಜತೆಗೆ ಗೋಡೆ ತುಂಬ ಕುಳ್ಳು. ಒಂದೊಂದು ಕುಳ್ಳಿನ ಮೇಲೂ ಮೂಡಿದ್ದ ಐದು ಬೆರಳಿನ ಗುರುತು ಅವಳಿಗೆ ಬಹಳ ಹಿಡಿಸಿತು. ಅದನ್ನು ಮುದ್ದಾಗಿ ಬಿಡಿಸಿ ಕೆಂಪು ಬಣ್ಣ ತುಂಬಿದಳು. ಅಂಗೈಯಗಲದ ಬಿಲ್ಲೆಯ ಮೇಲೆ ಅವು ಥೇಟು ಐದೆಸಳಿನ ಹೂವಿನಂತೆ ಕಂಡವು.

ಚಂದ್ರಶೇಖರ ಆ ಚಿತ್ರವನ್ನು ಪುಣೆಯ ಒಬ್ಬ ಇತಿಹಾಸ ತಜ್ಞರ ಮೊಬೈಲಿಗೆ ಕಳಿಸಿದ. ಈ ಹೂವಿನ ಕೆತ್ತನೆ ಯಾವ ಕಾಲದ್ದೆಂದು ಅವರು ಕೇಳಿದರು. ಇಡೀ ಆಯುಷ್ಯ ಕಚೇರಿಯಲ್ಲಿ ಕಾರಕೂನಿಕೆ ಮಾಡಿದವನಿಗೆ ‘ಗೊತ್ತಿಲ್ಲ’ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಯಾದವರ ಕಾಲದ್ದು ಎಂದುಬಿಟ್ಟ. ಹಾಗಾದರೆ ಕಣ್ಣಾರೆ ನೋಡಬೇಕು ಎಂದರು ತಜ್ಞರು. ಅವರು ಇವತ್ತು ಬರುವವರಿದ್ದರು. ಚಿತ್ರಕ್ಕೆ ಸರಿಹೊಂದಲೆಂದು ಬೆಳಗಾಗುವುದರೊಳಗೆ ಗೋಡೆಗೆ ಕೆಮ್ಮಣ್ಣು ಬಿತ್ತು.

ಅಷ್ಟರಲ್ಲಿ ಗಾರ್ಗಿ ರಿಕ್ಷಾದಿಂದ ಇಳಿದಳು. ಬಿಲ್ಲೆ ತುಂಬಿದ ಪೆಟ್ಟಿಗೆಯನ್ನು ಬುರುಜಿನ ಎದುರಿಗಿದ್ದ ಶಾರದಾಬಾಯಿಯ ಮನೆಯ ಕಟ್ಟೆಯ ಮೇಲಿಟ್ಟು, ಗೋಡೆಯತ್ತ ನೋಡಿ ಬೆಚ್ಚಿದಳು.

“ಕಾಕಾ, ನಾ ಕುಳ್ಳ ಅಂತನ ಬರದಿದ್ದೆ. ಖರೇ ಹೇಳಿಬಿಡ್ರಿ ಅವರಿಗೆ.”

“ಈಗ ಹೇಳಿದ್ರ ಊರ ಇಜ್ಜತ ಏನಾಗಬೇಕು? ಸುಮ್ಮ ನಿಂದ್ರವಾ ನೀ.”

ಶಾರದಾಬಾಯಿ ಪೆಟ್ಟಿಗೆಯಿಂದ ಒಂದು ಬಿಲ್ಲೆ ಎತ್ತಿಕೊಂಡು ಉಗುರಿನಿಂದ ಬಡಿದು ನೋಡಿದಳು. “ಇದು ಕಟಗೀದೇನ ಯವ್ವಾ?”

“ಹೂಂ ಮಾವಶಿ, ಅಸಲ ಕಟಗಿ.”

“ಹಸಿ ಇಲ್ಲಲಾ?”

“ಛೇ, ಪೂರಾ ಒಣಗಿಸೇ ಮಾಡೀನಿ,” ಎಂದಳು ಗಾರ್ಗಿ ಹೆಮ್ಮೆಯಿಂದ.

“ಛಲೋ ಮಾಡೀದಿ, ನನ್ನವ್ವ,” ಎಂದಳು ಶಾರದಾಬಾಯಿ. ರಸ್ತೆಯ ಕಡೆಯಿಂದ ಕಾರಿನ ಹಾರ್ನ್ ಕೇಳಿಸಿತು. ಚಂದ್ರಶೇಖರ ಗಾರ್ಗಿಯನ್ನೂ ಕರೆದುಕೊಂಡು ಓಡಿದ.

ತಜ್ಞರು ಹಗ್ಗದ ಈಚೆ ನಿಂತೇ ಕತ್ತು ಚಾಚಿ, ಕನ್ನಡಕ ಮೇಲೆತ್ತಿ ನೋಡಿದರು. ಒಂದು ‘ಹೂವಿ’ನೊಳಗಿಂದ ಹುಲ್ಲುಕಡ್ಡಿಯನ್ನು ಮೆಲ್ಲಗೆ ಎಳೆದು ಕಾಗದದ ಪೊಟ್ಟಣದಲ್ಲಿ ಹಾಕಿಕೊಂಡರು. ಗಾರೆಯಲ್ಲಿ ಹುಲ್ಲು ಬೆರೆಸಿದ್ದಾರೆ, ಎಂಥ ತಂತ್ರ, ಇಂಥ ಕೈಗಳು ಈಗ ಎಲ್ಲಿ ಸಿಗಬೇಕು ಎಂದು ಮರಾಠಿಯಲ್ಲಿ ಮರುಗಿದರು. ಚಂದ್ರಶೇಖರನೂ ಜತೆಗೆ ಮರುಗಿದ. ಗಾರ್ಗಿ ನೆಲ ನೋಡುತ್ತ ನಿಂತಳು. ಅವಳಿಗೆ ನಾಚಿಕೆಯಿಂದ ಸಾಕುಸಾಕಾಗಿತ್ತು.

ಸತ್ಕಾರ ಶುರುವಾಯಿತು. ಶಾಲು ಹೊದಿಸಿದ್ದಾಯಿತು, ತೆಂಗಿನಕಾಯಿ ಕೊಟ್ಟದ್ದಾಯಿತು. ಇನ್ನು ನೆನಪಿನ ಕಾಣಿಕೆ ಎಂದು ಚಂದ್ರಶೇಖರ ಕಟ್ಟೆಯ ಮೇಲಿನ ಪೆಟ್ಟಿಗೆಗೆ ಕೈ ಹಾಕಿದ. ಒಳಗೆ ಕಾಗದದ ಚೂರು ಬಿಟ್ಟರೆ ಏನೂ ಇರಲಿಲ್ಲ. ಬಚ್ಚಲ ಕಡೆಯಿಂದ ಬಣ್ಣ ಸುಟ್ಟ ವಾಸನೆ, ಕಪ್ಪು ಹೊಗೆ ಬರುತ್ತಿತ್ತು. ಶಾರದಾಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಬಂದಳು.

“ಗ್ವಾಡಿಗಿ ಕೈ ಹಚ್ಚಿಲ್ರಿ ಅಣ್ಣಾರ. ನಿಮ್ಮ ಇತಿಹಾಸ ಇದ್ದಲ್ಲೇ ಅದ. ಮಗಳಿಗೂ ಕೂಸಿಗೂ ಸುಡು ಸುಡು ನೀರ ಎರದೆ. ತಾಯಿ ಮಕ್ಕಳು ಬೆಚ್ಚಗ ಮಲಗ್ಯಾರ.”

ತಿಂಗಳುಗಟ್ಟಲೆ ಬರೆದ ಬಿಲ್ಲೆಗಳು ಬೂದಿಯಾದವೆಂದು ಗಾರ್ಗಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಅದನ್ನು ತಡೆಯಲು ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು.

ತಜ್ಞರು ಎರಡೂ ಕೈ ಮುಂದೆ ಚಾಚಿಕೊಂಡು ನಿಂತೇ ಇದ್ದರು. ಚಂದ್ರಶೇಖರ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ತಾನು ಕಟ್ಟಿದ ಹಗ್ಗದ ಕೆಳಗೆ ತಾನೇ ನುಸುಳಿ, ಗೋಡೆಯಿಂದ ದೊಡ್ಡದೊಂದು ಕುಳ್ಳು ಕಿತ್ತು ತಂದು, “ಚಿತ್ರ ಯಾಕ್ರಿ ಸಾಹೇಬರ, ನಿಮಗ ಅಸಲೀನೇ ಕೊಡ್ತೀವಿ,” ಎಂದು ಮರಾಠಿಯಲ್ಲಿ ಹೇಳಿ ಅವರ ಕೈಗಿತ್ತ.

ತಜ್ಞರ ಕಣ್ಣು ತುಂಬಿ ಬಂದವು. ಅದನ್ನು ಹಣೆಗೆ ಮುಟ್ಟಿಸಿಕೊಂಡು, ಹೊಸ ಶಾಲಿನಲ್ಲಿ ಸುತ್ತಿಕೊಂಡರು.

ಶಾರದಾಬಾಯಿಗೆ ತಡೆಯಲಾಗಲಿಲ್ಲ. “ಸಾಹೇಬರ, ಮಳಿ ಬರೂದ್ರಾಗ ಒಲಿಗಿ ಹಾಕಿಬಿಡ್ರಿ. ಇಲ್ಲಂದ್ರ ಹುಳಾ ಬೀಳ್ತಾವ.”

ತಜ್ಞರಿಗೆ ಕನ್ನಡ ಬಾರದು. ಹಿರಿಯರು ಹರಸುತ್ತಿದ್ದಾರೆಂದು ತಿಳಿದು, ಕುಳ್ಳನ್ನು ಎದೆಗವಚಿಕೊಂಡೇ ಬಾಗಿ ನಮಸ್ಕಾರ ಮಾಡಿದರು.