ಪಕ್ಕದವರ ಪಾತ್ರ

ಒಂದೇ ನಾಟಕ ತಂಡದಲ್ಲಿ ಹನ್ನೊಂದು ವರ್ಷದಿಂದ ಕಸ್ತೂರಿಗೆ ರಾಣಿಯ ಪಾತ್ರ, ಶಂಕ್ರವ್ವನಿಗೆ ದಾಸಿಯ ಪಾತ್ರ. ಇಬ್ಬರೂ ಕಲಾವಿದರ ತರಬೇತಿ ಶಿಬಿರಕ್ಕೆ ಬಂದಿದ್ದರು.

"ನಿಮ್ಮ ಪಕ್ಕದಾಗ ಕುಂತವ್ರನ್ನ ಅಭಿನಯಿಸಿ ತೋರಸ್ರಿ" ಎಂದರು ತರಬೇತಿ ಕೊಡುವವರು.

ಹನ್ನೊಂದು ವರ್ಷದ ಹೊಟ್ಟೆಕಿಚ್ಚನ್ನೆಲ್ಲ ಸುರಿದು ಶಂಕ್ರವ್ವ ಕಸ್ತೂರಿಯಾದಳು. ಅದೇ ಬಿಂಕದ ನಡಿಗೆ, ಚಪ್ಪಾಳೆಗಾಗಿ ಕತ್ತು ಕೊಂಕಿಸುವ ಅದೇ ಪರಿ. ಶಿಬಿರವೆಲ್ಲ ಬಿದ್ದು ಬಿದ್ದು ನಕ್ಕಿತು.

"ಈಗ ನಿನ್ನ ಪಾಳಿ" ಎಂದಳು ಶಂಕ್ರವ್ವ. "ನಂದೇನೈತಿ, ಬಾಯಿ ಮುಚ್ಕೊಂಡು ತಾಟು ಹಿಡಕೊಂಡು ನಿಂದ್ರೂದಷ್ಟ."

"ನಾ ದಿನಾ ನೋಡಿದ್ದನ್ನ ಮಾಡ್ತೇನಿ" ಎಂದಳು ಕಸ್ತೂರಿ.

ಅವಳು ವೇದಿಕೆಯ ಪಕ್ಕದ ಪರದೆಯ ಅಂಚು ಹಿಡಿದು ನಿಂತಳು. ಖಾಲಿ ರಂಗವನ್ನೇ ದಿಟ್ಟಿಸುತ್ತ, ರಾಣಿಯ ಮಾತುಗಳನ್ನೆಲ್ಲ ದನಿಯಿಲ್ಲದೆ ತುಟಿಯಲ್ಲೇ ಆಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.