ಮೂರನೇ ಸಾಲು

ಹಿಟ್ಟು ನಾದುವ ಅಗಲ ಪರಾತದಲ್ಲಿ ಹರವಿದ ಎರೆಮಣ್ಣಿನ ಮೇಲೆ ಬೀಜ ಬಿತ್ತುವ ಪುಟ್ಟ ಕೂರಿಗೆ ಒಂದು ಮೊಳ ಸಾಗಿ ನಿಂತಿತು. ಮೂರು ತಾಳು ಮೂರು ಗೆರೆ ಕೊರೆದಿದ್ದವು. ಎರಡರಲ್ಲಿ ಬಿಳಿಯ ರಾಜಗಿರಿ ಕಾಳು ಮುತ್ತು ಪೋಣಿಸಿದಂತೆ ಬಿದ್ದಿದ್ದವು. ಮೂರನೆಯದರಲ್ಲಿ ಹುಡುಕಿದರೆ ಐದೋ ಆರೋ. ಕಾಳು ಬಿಟ್ಟ ಈರಬಸಪ್ಪ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ನೋಡಿದ. ಅವೇ ಐದಾರು ಕಾಳು.

ಎತ್ತಿನ ಬದಲು ದಾರ ಹಿಡಿದು ಕೂರಿಗೆ ಎಳೆದವನು ಹಳೆಯ ಗೆಳೆಯ ಗೂಳಪ್ಪ. "ನಿಮ್ಮ ಮನಿ ರೊಟ್ಟಿ ತಿಂದದ್ದಕ್ಕ ಇವತ್ತ ಎತ್ತೂ ಆದ್ನಿ ಅಣ್ಣಾರ. ಅದೂ ಒಂದಲ್ಲ, ಜೋಡೆತ್ತು," ಎಂದ. ಈರಬಸಪ್ಪನಿಗೆ ನಗು ಬರಲಿಲ್ಲ.

ಅಟ್ಟದ ಮೇಲಿನ ಹಳೆಯ ಕೂರಿಗೆಗೆ ಒರಲೆ ಹತ್ತಿದ್ದು ಕಂಡ ದಿನದಿಂದ, ಅದು ಪೂರಾ ಮಣ್ಣಾಗುವ ಮೊದಲು ಅದರ ಪಡಿಯಚ್ಚೊಂದು ಮಾಡಿಡಬೇಕೆಂದು ಆತ ಕೂತಿದ್ದ. ನಾಲ್ಕಕ್ಕೆ ಒಂದರ ಅಳತೆ. ಅಡ್ಡ ದಿಂಡು, ತಾಳು, ಬಿದಿರಿನ ಕೊಳವೆ, ಕಾಳು ಬಿಡುವ ಬಟ್ಟಲು, ಯಾವುದೂ ನೂಲಿನೆಳೆಯಷ್ಟು ತಪ್ಪಬಾರದು. ಹಳೆಯ ಬಟ್ಟಲಿನ ಮೂರು ತೂತುಗಳಲ್ಲಿ ಮೂರನೆಯದು ತುಸು ವಾರೆಯಾಗಿತ್ತು. ಹಿಂದಿನ ಬಡಿಗೇರರ ಜಾಣತನ ಇದ್ದೀತೆಂದು ಸೈಕಲ್ಲಿನ ಕಡ್ಡಿ ತೂರಿಸಿ ಆ ವಾರೆಯನ್ನೂ ಅಳೆದು, ಹಾಗೆಯೇ ಕೊರೆದಿದ್ದ. ಜೋಳದ ಕಾಳಿನ ಕಾಲು ಪಾಲು ಅಂತ ಬೀಜಕ್ಕೂ ರಾಜಗಿರಿಯನ್ನೇ ಆರಿಸಿದ್ದ. ಅಣ್ಣಿಗೇರಿಯಲ್ಲಿ ಹಳೆಯ ಒಕ್ಕಲುತನದ ಸಾಮಾನಿಗೆಂದೇ ಒಂದು ಕೋಣೆ ಮಾಡಿದ್ದ ಕಾಶಿನಾಥ ಮಾಸ್ತರರು ಸೋಮವಾರ ಬಂದು ಒಯ್ಯುವವರಿದ್ದರು. ನೋಡಲಿಕ್ಕಷ್ಟೇ ಅಲ್ಲ, ಬಿತ್ತಿ ತೋರಿಸುವ ಕೂರಿಗೆ ಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟಾಗಿತ್ತು. ಇವತ್ತು ಗುರುವಾರ.

ಅದರಲ್ಲೂ ಮೂರನೇ ಸಾಲೇ ತಪ್ಪಬೇಕೆ. ಅವರೂರು ಮೊರಬದಲ್ಲಿ ಈರಬಸಪ್ಪನ ಮೂರನೇ ಸಾಲು ಅಂದರೆ ಹೆಸರಾದ ಮಾತು. ಟ್ರ್ಯಾಕ್ಟರ್ ಬರುವ ತನಕ ಆತನ ಹೊಲದಲ್ಲಿ ಮೂರಕ್ಕೊಂದು ಸಾಲು ಜೋಳ ಒತ್ತಾಗಿ ಏಳುತ್ತಿತ್ತು. ಅದು ದಿಂಡಿನ ಮೇಲೆ ತಾನು ಎಡಗೈ ಊರುವ ಹದ ಎಂದು ಆತ ಕೇಳಿದವರಿಗೂ ಹೇಳಿದ್ದ, ಕೇಳದವರಿಗೂ ಹೇಳಿದ್ದ. ಮಠದ ಪುರಾಣದಲ್ಲಿ ಪದ್ಯ ಮುಗಿದು ಅರ್ಥ ಶುರುವಾಗುವ ನಡುವಿನ ಬಿಡುವಿನಲ್ಲಿಯೂ ಬಾಜೂದವರ ಕಿವಿಗೆ ಬಗ್ಗಿ ಹೇಳಿದ್ದುಂಟು.

ಕಾದ ಸರಳಿನಿಂದ ತೂತು ನೆಟ್ಟಗೆ ಮಾಡಿಬಿಟ್ಟರಾಯಿತು, ಬಟ್ಟಲೊಳಗೆ ಬಗ್ಗಿ ನೋಡುವವರಾರು ಎಂದ ಗೂಳಪ್ಪ. ನೆಟ್ಟಗೆ ಮಾಡಿದರೆ ಅಳತೆ ಸುಳ್ಳು; ಬಿಟ್ಟರೆ ಬಿತ್ತನೆ ಸುಳ್ಳು. ಕೊನೆಗೆ ಈರಬಸಪ್ಪ ಮನಸ್ಸು ಗಟ್ಟಿ ಮಾಡಿ ಸರಳು ಕಾಯಿಸಲು ಅಡುಗೆಮನೆಗೆ ಹೋದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನೀಲಕ್ಕ ಯಾಕೆಂದು ಕೇಳಿದಳು. ಹೇಳಿದ. ಆಕೆ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಕೈಯ ಹಿಟ್ಟು ಕೊಡವಿ ಎದ್ದು ಬಂದಳು. ಆ ಹಳೆಯ ಕೂರಿಗೆಯ ಹಿಂದೆ ಮೂವತ್ತು ಹಿಂಗಾರಿ ಹಂಗಾಮಿನಲ್ಲಿ ಕಾಳು ಬಿಟ್ಟವಳು ಆಕೆಯೇ.

ಪುಟ್ಟ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ತಪ್ಪಿಲ್ಲ ತಗೋರಿ," ಎಂದಳು. "ನಮ್ಮ ಕೂರಿಗಿ ಮೂರನೇ ತೂತು ಮೊದಲಿಂದ್ಲೂ ಹಿಂಗ. ಕಾಳ ನುಂಗತಿದ್ದಿಲ್ಲ."

"ಮತ್ತ ಸಾಲು ಹೆಂಗ ಬರ್ತಿತ್ತ?"

ನೀಲಕ್ಕ ಸೆರಗು ಸಿಕ್ಕಿಸಿಕೊಂಡಳು. ಮಣ್ಣು ಸಮ ಮಾಡಿ, ಒಂದು ಬೊಗಸೆ ರಾಜಗಿರಿ ಉಡಿಗೆ ಸುರಿದುಕೊಂಡು ಪರಾತದ ಮುಂದೆ ಕೂತಳು. ಗೂಳಪ್ಪ ದಾರ ಎಳೆದ. ಈರಬಸಪ್ಪ ಎರಡು ಬೆರಳಿನಿಂದ ದಿಂಡು ಹಿಡಿದ. ಆಕೆಯ ಮುಷ್ಟಿ ಬಟ್ಟಲಿನ ಮೇಲೆ ಬಂದು, ಬೆರಳ ಸಂದಿನಿಂದ ಕಾಳು ಉದುರಿಸತೊಡಗಿತು. ಎರಡು ತೂತಿಗೆ ಸುಮ್ಮನೆ ಬಿಟ್ಟು, ಮೂರನೆಯದರ ಕಡೆ ತುಸು ಓಲಿ ಕಿರುಬೆರಳು ಸಡಿಲಿಸುವುದು. ಮತ್ತೆ ಎರಡಕ್ಕೆ, ಮತ್ತೆ ಓಲುವುದು. ಯಾರೋ ಒಳಗೇ ಪದ ಹೇಳುತ್ತಿದ್ದಾರೆ, ಕೈ ತಾಳ ಹಿಡಿದಿದೆ ಅನ್ನುವ ಹಾಗೆ. ಮೂರು ಸಾಲೂ ಬಿದ್ದವು. ಮೂರನೆಯದು ಉಳಿದೆರಡಕ್ಕಿಂತ ಒತ್ತಾಗಿ.

ಈರಬಸಪ್ಪ ದಿಂಡಿನ ಮೇಲಿದ್ದ ತನ್ನ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡ.

"ಇಷ್ಟ ವರ್ಷ ಒಂದು ಮಾತು ಹೇಳಲಿಲ್ಲಲ್ಲ ನೀ?"

"ನೀವೆಲ್ಲಿ ಕೇಳಿದ್ರಿ? ನೀವು ಹೇಳಕೋತನ ಇದ್ರಿ."

ಗೂಳಪ್ಪನಿಗೆ ಕೆಮ್ಮು ಬಂದು, ದಾರ ಬಿಟ್ಟು ಹೊರಗೆ ಹೋದ. ಈರಬಸಪ್ಪನ ಕಿವಿ ಬಿಸಿಯಾಯಿತು. ಆಮೇಲೆ ನಿಧಾನಕ್ಕೆ, ಚಿಕ್ಕಂದಿನಿಂದ ಬಾಯಿಪಾಠವಿದ್ದ ಪದ್ಯಕ್ಕೆ ಎಷ್ಟೋ ಕಾಲದ ಮೇಲೆ ಅರ್ಥ ತಿಳಿದವನಂತೆ, ಆ ಮೂರು ಸಾಲುಗಳನ್ನೇ ನೋಡುತ್ತ ಕೂತ. ಒಳಗೆ ಸರಳು ಕೆಂಪಾಗಿ ಕಾದಿತ್ತು. ಎದ್ದು ಹೋಗಿ ಅದನ್ನು ನೀರಿನ ಬಕೀಟಿಗೆ ಅದ್ದಿದ. ಚೊಂಯ್ ಎಂದು ಆರಿತು.

ಸೋಮವಾರದ ಹೊತ್ತಿಗೆ ರಾಜಗಿರಿ ಮೊಳೆತು ಕೂದಲೆಳೆಯಂಥ ಮೂರು ಸಾಲು ಎದ್ದಿದ್ದವು. ಕಾಶಿನಾಥ ಮಾಸ್ತರರು ಹಳೆಯ ಕೂರಿಗೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಟೇಪು ಹಿಡಿದು ಅಳೆದು, ಅಗದಿ ಬರೋಬರಿ ಐತಿ ಎಂದು ಮೆಚ್ಚಿಕೊಂಡರು. ಪರಾತದ ಕಡೆ ತಿರುಗಿದಾಗ ಅವರ ಕಣ್ಣು ಒಂದು ಕಡೆ ನಿಂತಿತು.

"ಇದೊಂದ ಸಾಲು ಯಾಕ ಇಷ್ಟ ಒತ್ತಾಗಿ ಬಂದೈತ್ರಿ?"

ಈರಬಸಪ್ಪನ ಎಡಗೈ ರೂಢಿಯಿಂದ ತಾನಾಗಿಯೇ ಮೇಲೆದ್ದಿತು. ಅರ್ಧಕ್ಕೆ ಬಂದದ್ದನ್ನು ಆತ ಇಳಿಸಿಕೊಂಡ.

"ಅಕಿನ್ನ ಕೇಳ್ರಿ."

ಚಹಾದ ಕಪ್ಪು ಹಿಡಿದು ಬಂದ ನೀಲಕ್ಕ ಗಂಡನ ಮುಖ ಒಮ್ಮೆ ನೋಡಿದಳು. ಕಪ್ಪು ಮಾಸ್ತರರ ಕೈಗೆ ಕೊಟ್ಟಳು.

"ಇವರು ಎಲ್ಲಾ ಅಳದು ಸಣ್ಣದು ಮಾಡಿದ್ರು," ಎಂದಳು. "ನನ್ನ ಮುಷ್ಟಿ ಒಂದು ಸಣ್ಣದಾಗಲಿಲ್ಲ ನೋಡ್ರಿ."